ಎರಡನೆಯ ಮತ

ಡೊಂಬಿವಲಿ ಪೂರ್ವ
೯ ಫೆಬ್ರವರಿ ೨೦೨೫, ಭಾನುವಾರ

ಉಲ್ಹಾಸತೀರ ಮೋಟರ್‌ಸೈಕಲ್ ರೇಸಿಂಗ್ ಕ್ಲಬ್ಬಿನ ಮಾನ್ಯ ಗೌರವ ಕಾರ್ಯದರ್ಶಿಗಳೂ, ರೇಷನ್ ಕಾರ್ಡಿನ ಪ್ರಕಾರ ಇನ್ನೂ ನನ್ನ ಯಜಮಾನರೂ ಆಗಿರುವ ರಾಜಶೇಖರ ಅವರಿಗೆ,

ನಮಸ್ಕಾರಗಳು. ಫೋನ್ ಮಾಡುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಎಂದು ನಿಮಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ನಾನು ಎರಡು ಮಾತು ಮುಗಿಸುವ ಮೊದಲೇ ನೀವು ‘ಹಂಗಲ್ಲ ಜಯಾ, ನೀ ಸ್ವಲ್ಪ ಕೇಳಿಲ್ಲೆ’ ಎಂದು ನಡುವೆ ಬಾಯಿ ಹಾಕುತ್ತೀರಿ. ಮದುವೆಯಾದಂದಿನಿಂದ ನಾನು ಕೇಳಿದ್ದೇ ಆಯಿತು. ಕಾಗದದಲ್ಲಾದರೆ ನೀವು ಸುಮ್ಮನಿರಲೇಬೇಕು. ಆ ಒಂದು ಸುಖಕ್ಕಾಗಿ ಬರೆಯುತ್ತಿದ್ದೇನೆ.

ನಾನು ಇಲ್ಲಿ ಚೆನ್ನಾಗಿದ್ದೇನೆ. ದೊಡ್ಡಮ್ಮನ ಮಗಳೆಂಬ ಒಂದೇ ಋಣಕ್ಕೆ ಸತ್ಯಭಾಮಕ್ಕ ಮೂರು ತಿಂಗಳಿಂದ ನನ್ನನ್ನು ಇಟ್ಟುಕೊಂಡಿದ್ದಾಳೆ. ಏನನ್ನೂ ಕೇಳುವುದಿಲ್ಲ. ಆದರೆ ನನ್ನ ತಟ್ಟೆಗೆ ನೀರುದೋಸೆ ಹಾಕುವಾಗ ಒಂದು ನಿಟ್ಟುಸಿರೂ ಜೊತೆಗೆ ಬೀಳುತ್ತದೆ. ಠಾಣೆಯ ಆಫೀಸಿಗೆ ಇಲ್ಲಿಂದ ಹತ್ತಿರ, ಅದೊಂದು ಲಾಭ. ನಷ್ಟ ನಿಮಗೂ ಗೊತ್ತು. ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ, ನಮ್ಮ ಸಮಿತ್‌ನ ಮೊಣಕಾಲಿಗೆ ಮೂರು ಮಹಡಿ ಹತ್ತಲು ಆಗುವುದಿಲ್ಲ. ಹಾಗಾಗಿ ಮಗ ನಿಮ್ಮ ಜೊತೆ ಕಳಂಬೋಲಿಯಲ್ಲಿ, ನಾನು ಇಲ್ಲಿ. ಫೋನ್ ಮಾಡಿದರೆ ‘ಪಪ್ಪಾ ಠೀಕ್ ಹೈ, ಮೈ ಭೀ ಠೀಕ್’ ಎನ್ನುತ್ತಾನೆ. ಅದರ ಮುಂದೆ ಹೋಗುವುದಿಲ್ಲ. ನಮ್ಮಿಬ್ಬರ ನಡುವೆ ಯಾರ ಪರವೂ ವಹಿಸಬಾರದೆಂದು ಪಾಪ ಇದ್ದ ಕನ್ನಡವನ್ನೂ ಬಿಟ್ಟುಬಿಟ್ಟಿದ್ದಾನೆ.

ಕಳೆದ ವಾರ ಠಾಣೆಯ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನೀವು ‘ಸಂಘಟನೆ ಮತ್ತು ಪ್ರಜಾಪ್ರಭುತ್ವ’ ಎಂಬ ವಿಷಯದ ಬಗ್ಗೆ ಮಾತನಾಡಿದ್ದನ್ನು ಪೇಪರಿನಲ್ಲಿ ಓದಿದೆ. ಶಾಲು ಹೊದ್ದ ಫೋಟೋ ಚೆನ್ನಾಗಿ ಬಂದಿದೆ. ಪಕ್ಕದಲ್ಲಿ ನನ್ನ ಅಣ್ಣ ಮುಂಡಪ್ಪ ನಿಮ್ಮ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದಾನೆ. ನಿಮ್ಮನ್ನು ಅದರಲ್ಲಿ ‘ಸುಧಾರಣೆಯ ಹರಿಕಾರ’ ಎಂದು ಕರೆದಿದ್ದಾರೆ. ಸತ್ಯಭಾಮಕ್ಕ ಆ ಪುಟವನ್ನು ಮಡಚಿ ಡಬ್ಬಿಯ ಕೆಳಗೆ ಹಾಸಿದಳು, ಬೇಕೆಂದೇ ಅಲ್ಲ, ಕೈಗೆ ಅದೇ ಸಿಕ್ಕಿತು. ನೀವು ಹೇಳುವ ಕಥೆ ಊರೆಲ್ಲ ಹರಡುತ್ತಿರುವಾಗ ನನ್ನದೂ ಒಂದು ಕಡೆ ಬರೆದಿಟ್ಟಿರಲಿ ಎಂದು ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬೇಸರವಾದರೆ ಕೊನೆಗೆ ಹೋಗಿ. ಬೇಡ, ಹೋಗಬೇಡಿ. ಒಮ್ಮೆಯಾದರೂ ಪೂರ್ತಿ ಓದಿ.

ಹೆಲ್ಮೆಟ್ ಇಡುವ ಪದ್ಧತಿ ಶುರು ಮಾಡಿದವರು ನೀವೂ ಅಣ್ಣನೂ. ಖಾಡಿಯ ಹಿನ್ನೀರಿನ ಪಕ್ಕದ ಬಯಲಿನಲ್ಲಿ ಹಳೆಯ ಬೈಕುಗಳನ್ನು ಓಡಿಸಿ ಮೈಕೈ ತರಚಿಕೊಳ್ಳುತ್ತಿದ್ದ ಹುಡುಗರು ಒಂದು ಕ್ಲಬ್ ಮಾಡಿಕೊಂಡಿರಿ, ಸಂತೋಷ. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರಾಗಬೇಕೆನ್ನುವವರು ಕುರ್ಚಿ ಹಾಕಿಕೊಂಡು ಕೂರುವುದು, ಸದಸ್ಯರು ಒಬ್ಬೊಬ್ಬರಾಗಿ ಬಂದು ತಮಗೆ ಬೇಕಾದವರ ಕಾಲ ಬಳಿ ಹೆಲ್ಮೆಟ್ ಇಟ್ಟು ಹೋಗುವುದು. ‘ನಾವು ರೇಸಿನ ಮಂದಿ, ನಮ್ಮಲ್ಲಿ ಮುಚ್ಚುಮರಿ ಇಲ್ಲ, ಚೀಟಿ ಗೀಟಿ ನಮಗ್ಯಾಕ’ ಎಂದು ಆಗ ಭಾಷಣ ಮಾಡಿದವರೂ ನೀವೇ. ಒಬ್ಬೊಬ್ಬರ ಹೆಲ್ಮೆಟ್ಟಿಗೂ ಒಂದೊಂದು ಬಣ್ಣ, ಒಂದೊಂದು ನಂಬರು. ಯಾರದು ಯಾವುದೆಂದು ಸಭಾಂಗಣದ ಕಾವಲುಗಾರನಿಗೂ ಗೊತ್ತಿತ್ತು. ಇನ್ನು ಅಣ್ಣನಿಗೆ ಗೊತ್ತಾಗದೆ ಇರುತ್ತದೆಯೇ? ಹದಿನೆಂಟು ವರ್ಷ ಅವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಬೀಳಲಿಲ್ಲ. ಪ್ರತಿ ಮೂರು ವರ್ಷಕ್ಕೊಮ್ಮೆ ಹೆಲ್ಮೆಟ್ಟುಗಳ ರಾಶಿಯ ನಡುವೆ ಕುಳಿತು ‘ಎಂತ ಮಾಡುದು, ನಿಮ್ಮ ಪ್ರೀತಿ’ ಎಂದು ಕೈ ಮುಗಿಯುತ್ತಿದ್ದ. ಆಮೇಲೆ ಅವನ ಕಲ್ಯಾಣದ ಹೋಟೆಲಿನಿಂದ ಊಟ ಬರುತ್ತಿತ್ತು. ಮಹಿಳೆಯರ ಸ್ಕೂಟರ್ ರೇಸಿಗೆಂದು ಕೊಂಡ ನನ್ನ ಹಳದಿ ಹೆಲ್ಮೆಟ್ಟೂ ಆ ರಾಶಿಯಲ್ಲಿರುತ್ತಿತ್ತು. ಅಣ್ಣನಲ್ಲವೇ.

ಅಣ್ಣ ಕೆಟ್ಟವನೆಂದು ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ವಿಜಯಪುರದ ಕಡೆಯ ಹುಡುಗನಿಗೆ ಕೊಡುವುದೇ ಎಂದು ಅಪ್ಪ ಹಟ ಹಿಡಿದಾಗ, ‘ಅವನು ಬೈಕ್ ಬಿಡುದು ನಾನು ನೋಡಿದ್ದೇನೆ, ತಿರುವಲ್ಲಿ ಗಡಿಬಿಡಿ ಮಾಡುವ ಜನ ಅಲ್ಲ’ ಎಂದು ಒಪ್ಪಿಸಿದವನು ಅವನೇ. ನಮ್ಮ ಮದುವೆ ಅವನಿಂದ ಆಯಿತು. ಅದನ್ನು ನಾನು ಮರೆತಿಲ್ಲ. ನೀವಂತೂ ಒಂದು ಗಳಿಗೆಯೂ ಮರೆತಿಲ್ಲ. ನಮ್ಮ ಕಷ್ಟವೆಲ್ಲ ಶುರುವಾಗಿದ್ದು ಅಲ್ಲಿಂದಲೇ ಎಂದು ಈಗ ಅನಿಸುತ್ತದೆ.

ಸಮಿತ್ ಬಿದ್ದ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಕಳಂಬೋಲಿಯ ಆಚೆಯ ಮಣ್ಣಿನ ಟ್ರ್ಯಾಕಿನಲ್ಲಿ, ಚರಂಡಿಯ ಪಕ್ಕದ ಆ ತಿರುವಿನಲ್ಲಿ, ಪ್ರತಿ ವರ್ಷ ಹಳೆಯ ಟಯರುಗಳನ್ನು ಪೇರಿಸಿ ಗೋಡೆ ಮಾಡುತ್ತಿದ್ದರು. ಜಾರಿದವನು ಟಯರಿಗೆ ತಾಗಿ ಎದ್ದು ಬರುತ್ತಿದ್ದ. ಆ ವರ್ಷ ಅತಿಥಿಗಳ ಕಾರು ನಿಲ್ಲಿಸಲು ಜಾಗ ಸಾಲದೆಂದು ಅಣ್ಣ ಆ ಗೋಡೆ ತೆಗೆಸಿದ. ನಮ್ಮ ಮಗ ಜಾರಿ ಹೋಗಿ ಚರಂಡಿಯ ಕಾಂಕ್ರೀಟಿಗೆ ಬಿದ್ದ. ನಾನು ಆಗ ಲ್ಯಾಪಿನ ಸಮಯ ಬರೆದುಕೊಳ್ಳುವ ಮೇಜಿನ ಹಿಂದೆ ಕುಳಿತಿದ್ದೆ. ಅವನ ಬೈಕು ಮಾತ್ರ ಮುಂದೆ ಉರುಳಿಕೊಂಡು ಬಂದದ್ದು ಕಂಡಿತು.

ಅಣ್ಣ ದಿನವೂ ಆಸ್ಪತ್ರೆಗೆ ಬಂದ. ಥರ್ಮಾಸಿನಲ್ಲಿ ಗಂಜಿ ತಂದ, ಹಾಸಿಗೆಯ ಪಕ್ಕ ಕುಳಿತು ಅತ್ತ. ಅದು ನಾಟಕವಲ್ಲ, ಸೋದರಮಾವನ ಅಳುವೇ. ಅಷ್ಟರಲ್ಲಿ ಅವನೇ ನೇಮಿಸಿದ ಮೂವರ ಸಮಿತಿ ವರದಿ ಕೊಟ್ಟಿತು. ಟಯರಿನ ಗೋಡೆಯ ಮಾತೇ ಅದರಲ್ಲಿ ಇರಲಿಲ್ಲ. ಸವಾರನ ವೇಗ ಹೆಚ್ಚಾಗಿತ್ತಂತೆ. ರೇಸಿನಲ್ಲಿ ವೇಗ ಹೆಚ್ಚಾಗಿತ್ತಂತೆ! ಇನ್ನು ಮೇಲೆ ನಾಟ್ಯದವರು ಕಾಲು ಹೆಚ್ಚು ಕುಣಿಸಿದರೆಂದೂ ಶಿಕ್ಷೆ ಕೊಡಬಹುದು. ನಿರ್ಲಕ್ಷ್ಯದ ಸವಾರಿ ಎಂದು ಸಮಿತ್‌ನನ್ನು ಅಮಾನತು ಮಾಡಿದರು. ಅಮಾನತಾದವನಿಗೆ ಹೆಲ್ಮೆಟ್ ಇಡುವ ಹಕ್ಕಿಲ್ಲ. ಆ ಆದೇಶಕ್ಕೆ ಸಹಿ ಹಾಕಿ ಅಣ್ಣ ನೇರವಾಗಿ ಗಂಜಿ ಹಿಡಿದುಕೊಂಡು ವಾರ್ಡಿಗೆ ಬಂದ. ನಾನು ಅದನ್ನು ಬಟ್ಟಲಿಗೆ ಬಗ್ಗಿಸಿ ಮಗನಿಗೆ ಕುಡಿಸಿದೆ.

ಆವತ್ತು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನೀವು ಹೇಳಿದ ಮಾತು ನೆನಪಿದೆಯೇ? ‘ಜಯಾ, ಮುಂಡಪ್ಪನ್ನ ಬೈದು ಉಪಯೋಗಿಲ್ಲ. ಖುರ್ಚಿ ಹದಿನೆಂಟು ವರ್ಷ ಒಬ್ಬನ ಕೆಳಗ ಇದ್ರ ಅದು ಅವನ ಮೈಗೇ ಅಂಟಿಕೊಂಡಬಿಡತೈತಿ. ನಾವು ಖುರ್ಚಿ ಬಗ್ಗೆ ಕಾಯ್ದೆ ಮಾಡೂಣು.’ ನಾನು ನಿಮ್ಮನ್ನು ಎರಡನೆಯ ಸಲ ಪ್ರೀತಿಸಿದ್ದು ಆ ಕ್ಯಾಂಟೀನಿನಲ್ಲಿ. ಹೀಗೆಲ್ಲ ಬರೆಯಲು ನಾಚಿಕೆ, ಆದರೂ ಬರೆದುಬಿಟ್ಟೆ.

ಆಮೇಲಿನ ಭಾನುವಾರಗಳು ನಮ್ಮ ಮದುವೆಯ ಒಳ್ಳೆಯ ದಿನಗಳು. ಕ್ಲಬ್ಬಿನ ನಿಯಮ ಬದಲಿಸಲು ವಿಶೇಷ ಸಭೆ ಕರೆಯಬೇಕು, ಅದಕ್ಕೆ ಸದಸ್ಯರ ಸಹಿ ಬೇಕು. ಠಾಣೆ, ಡೊಂಬಿವಲಿ, ಕಲ್ಯಾಣ, ಬೇಲಾಪುರ ಎಂದು ಲೋಕಲ್ ಹತ್ತಿ ಇಳಿದು ಮನೆಮನೆಗೆ ಹೋದೆವು. ಎಲ್ಲರೂ ಚಹಾ ಕೊಟ್ಟರು. ಎಲ್ಲರೂ ಬಾಗಿಲು ಸ್ವಲ್ಪ ಮುಂದೆ ಮಾಡಿಕೊಂಡು, ಇದು ಆಗಲೇಬೇಕಾದ ಕೆಲಸ ಎಂದರು. ವಿಠ್ಠಲವಾಡಿಯ ಯಂಕಣ್ಣ ತನ್ನ ಗ್ಯಾರೇಜಿನಲ್ಲಿ ಕೈ ಒರೆಸಿಕೊಳ್ಳುತ್ತಾ, ‘ಅಕ್ಕಾರ, ಅಧ್ಯಕ್ಷರು ನಮಗ ತಂದಿ ಇದ್ದಂಗ. ಆದ್ರ ತಂದಿನೂ ಯಾವಾಗರ ಕೀಲಿಕೈ ಮಗನ ಕೈಯಾಗ ಕೊಡಬೇಕಲ್ರಿ?’ ಎಂದು ಮೊದಲ ಸಹಿ ಹಾಕಿದ. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಒಂದೇ ವಡಾಪಾವ್ ಮುರಿದು ತಿನ್ನುತ್ತಾ ನೀವು ನಿಯಮಗಳನ್ನು ಹೇಳುತ್ತಿದ್ದಿರಿ, ನಾನು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಗುಪ್ತ ಮತದಾನ. ಯಾರೇ ಆಗಲಿ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿ ಇರಬಾರದು, ಹಿಂದೆ ಆಳಿದ್ದೂ ಲೆಕ್ಕಕ್ಕೆ. ಅಮಾನತಾದವರಿಗೂ ಮತ ಇರಬೇಕು. ಅಪಘಾತದ ವಿಚಾರಣೆಯಲ್ಲಿ ಸವಾರನ ಸಂಬಂಧಿಕರು ಕೂರಬಾರದು. ಈ ಕೊನೆಯದು ನನ್ನದು. ಅಣ್ಣನಿಗೆ ಇನ್ನೊಮ್ಮೆ ಸೋದರಳಿಯನ ವಿಚಾರಣೆ ಮಾಡಿಸುವ ಅವಕಾಶ ಸಿಗಬಾರದೆಂದು ನಾನೇ ಸೇರಿಸಿದೆ. ಅಧ್ಯಕ್ಷ ಸ್ಥಾನಕ್ಕೆ ನಾನು ನಿಲ್ಲುವುದೆಂದು ನಿರ್ಧಾರವಾಯಿತು. ಗೆದ್ದರೆ ಮೊದಲ ಕೆಲಸ ಸಮಿತ್‌ನ ವಿಚಾರಣೆ ಮತ್ತೆ ತೆರೆಯುವುದು. ನಮ್ಮ ಹುಡುಗ ಇನ್ನೆಂದೂ ರೇಸಿಗೆ ಇಳಿಯಲಾರ. ಆದರೆ ತಪ್ಪು ಅವನದಲ್ಲ ಎಂದು ಕ್ಲಬ್ಬು ಒಂದು ಸಾಲು ಬರೆದುಕೊಡಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ, ಇವತ್ತಿಗೂ ಅಷ್ಟೇ.

ನವೆಂಬರಿನ ಸಭೆ. ಇಲ್ಲೇ ಡೊಂಬಿವಲಿಯ ಹಾಲ್‌ನಲ್ಲಿ, ಸತ್ಯಭಾಮಕ್ಕನ ಮನೆಯಿಂದ ಎರಡು ಬೀದಿ ಆಚೆ. ನಾನು ಟೈಪ್ ಮಾಡಿದ ಕರಡನ್ನು ನೀವು ಓದಲು ನಿಂತಿರಿ. ಗುಪ್ತ ಮತದಾನ ಓದಿದಿರಿ, ಚಪ್ಪಾಳೆ ಬಿತ್ತು. ಎರಡು ಅವಧಿ ಎಂದಿರಿ, ಇನ್ನೂ ಜೋರು ಚಪ್ಪಾಳೆ. ಅಣ್ಣನೇ ಮೊದಲು ತಟ್ಟಿದ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಆಮೇಲೆ ನೀವು ಕನ್ನಡಕ ಸರಿ ಮಾಡಿಕೊಂಡು ಓದಿದಿರಿ: ‘ಈ ಮಿತಿಯು ಇಂದಿನಿಂದ ಜಾರಿಗೆ ಬರತಕ್ಕದ್ದು. ಹಿಂದಿನ ಅವಧಿಗಳನ್ನು ಪರಿಗಣಿಸತಕ್ಕದ್ದಲ್ಲ.’ ಅಷ್ಟಕ್ಕೇ ನಿಲ್ಲಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಒಂದು ಅವಧಿಯಾದರೂ ಕಾರ್ಯಕಾರಿ ಸಮಿತಿಯಲ್ಲಿ ಇದ್ದಿರಬೇಕು ಎಂದೂ ಓದಿದಿರಿ. ಅಮಾನತಾದವರ ಮತದ ಸಾಲು ಬರಲೇ ಇಲ್ಲ. ನಾನು ಬರೆಯದ ಎರಡು ಮಾತು ಒಳಗೆ ಬಂದು, ನಾನು ಬರೆದ ಒಂದು ಮಾತು ಹೊರಗೆ ಹೋಗಿತ್ತು. ನಮ್ಮ ಅಣ್ಣನಿಗೆ ಇನ್ನೂ ಆರು ವರ್ಷ ಸಿಕ್ಕಿತು. ಅಷ್ಟು ವರ್ಷ ಸಮಯ ಬರೆದು, ಬಾವುಟ ಬೀಸಿ, ಬ್ಯಾಂಡೇಜ್ ಸುತ್ತಿ, ಸಮಿತಿಯಲ್ಲಿ ಮಾತ್ರ ಎಂದೂ ಹೆಸರಿಲ್ಲದ ನನಗೆ ಬಾಗಿಲು ಮುಚ್ಚಿತು. ನೀವು ಓದುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಕೊನೆಯ ಬಾರಿಗೆ ಎಂದು ಹೆಲ್ಮೆಟ್ ಇಟ್ಟು ಒಪ್ಪಿಗೆ ಕೊಟ್ಟರು. ಮನೆಮನೆಯಲ್ಲಿ ಚಹಾ ಕೊಟ್ಟವರೆಲ್ಲ ಇಟ್ಟರು. ಅಣ್ಣ ವೇದಿಕೆಯ ಮೇಲೆ ನಿಮ್ಮನ್ನು ಅಪ್ಪಿಕೊಂಡು, ‘ನನ್ನ ಭಾವ ಈ ಕ್ಲಬ್ಬಿಗೆ ಹೊಸ ಜನ್ಮ ಕೊಟ್ಟ’ ಎಂದು ಕಣ್ಣು ಒರೆಸಿಕೊಂಡ. ನಾನು ಹಳದಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದೆ.

ಮನೆಗೆ ಬರುವ ದಾರಿಯಲ್ಲಿ ನೀವು ಕೊಟ್ಟ ವಿವರಣೆ: ‘ಎಲ್ಲಾ ಒಮ್ಮೇಲೆ ಕೇಳಿದ್ರ ಏನೂ ಸಿಗತಿರಲಿಲ್ಲ ಜಯಾ. ಅವನ ಮರ್ಯಾದಿ ಉಳಿಸಿ ಕಾಯ್ದೆ ತಂದೀನಿ. ಸಮಿತನ ವಿಚಾರಣಿ ಮತ್ತ ಸುರು ಮಾಡ್ತೀನಿ ಅಂತ ಮಾತು ಕೊಟ್ಟಾನ, ನನ್ನನ್ನ ಅದಕ್ಕ ಸಂಚಾಲಕ ಮಾಡ್ತಾನ.’ ಮಾತು ಕೊಟ್ಟಿದ್ದು ನಿಜ, ನಡೆಸಿಕೊಟ್ಟಿದ್ದೂ ನಿಜ. ಡಿಸೆಂಬರಿನಲ್ಲಿ ವಿಚಾರಣೆ ಶುರುವಾಯಿತು, ನೀವು ಸಂಚಾಲಕರಾಗಿ ಕುಳಿತಿರಿ. ಆಗ ಜೊತೆಗೆ ಕುಳಿತಿದ್ದ ಹಳೆಯ ಸಮಿತಿಯ ಮೂವರಲ್ಲಿ ಒಬ್ಬರು ಹೊಸ ನಿಯಮಾವಳಿ ಬಿಚ್ಚಿ ಓದಿದರು: ಸವಾರನ ಸಂಬಂಧಿಕರು ವಿಚಾರಣೆಯಲ್ಲಿ ಕೂರಬಾರದು. ನೀವು ಸವಾರನ ತಂದೆ. ಎದ್ದು ಹೊರಗೆ ಬಂದಿರಿ. ಅಣ್ಣ ನನಗೆ ಫೋನ್ ಮಾಡಿ, ‘ನಾನು ಎಂತ ಮಾಡ್ಲಿ ಜಯಾ, ರೂಲ್ಸ್ ಬರ್ದದ್ದು ನೀನೇ ಅಲ್ಲವಾ ಮಾರಾಯ್ತಿ?’ ಎಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದ. ಸಂಬಂಧಿಕರನ್ನು ಹೊರಗಿಡಬೇಕೆಂದು ಬರೆದೆ, ಸಂಬಂಧಿಕರ ಆಪ್ತರನ್ನು ಹೊರಗಿಡಬೇಕೆಂದು ಬರೆಯಲು ಹೊಳೆಯಲಿಲ್ಲ. ಉಳಿದ ಮೂವರೂ ಸೇರಿ ಹಳೆಯ ವರದಿಯನ್ನೇ ಇನ್ನೊಮ್ಮೆ ಒಪ್ಪಿದರು.

ನಾನು ಅಷ್ಟರಲ್ಲಿ ಬಟ್ಟೆ ತುಂಬಿಕೊಂಡು ಇಲ್ಲಿಗೆ ಬಂದಾಗಿತ್ತು. ನೀವು ಅಣ್ಣನ ಕಡೆಗೆ ಹೋದಿರೆಂದು ಸಿಟ್ಟಲ್ಲ. ನನ್ನ ಕಡೆಗಿದ್ದೀರೆಂದು ನಂಬಿಸಿ ನನ್ನಿಂದ ಟೈಪ್ ಮಾಡಿಸಿದಿರಿ, ಅದು ಸಿಟ್ಟು. ಆ ಕಾಗದವನ್ನು ಬದಲಿಸಿದ್ದು ಯಾವತ್ತು? ನಾನು ಅಡುಗೆಮನೆಯಲ್ಲಿದ್ದಾಗಲೋ, ಸಮಿತ್‌ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗಲೋ? ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೆಂದರೆ ನನಗೇ ಬೇಸರ ಬಂದಿದೆ.

ನಿಲ್ಲುವ ಹಕ್ಕು ನನಗಿಲ್ಲದ ಮೇಲೆ ಯಂಕಣ್ಣನನ್ನು ನಿಲ್ಲಿಸಿದೆ. ಅವನು ಹಿಂದೊಮ್ಮೆ ಸಮಿತಿಯಲ್ಲಿದ್ದ. ನಾನು ಸೂಚಕಿ, ಕಲ್ಯಾಣದ ಅಪ್ಪಾಸಾಹೇಬರು ಅನುಮೋದಕರು. ಗೆಲ್ಲುತ್ತೇವೆಂದು ಅಲ್ಲ. ಆದರೆ ಪರದೆಯ ಹಿಂದೆ ಒಬ್ಬೊಬ್ಬರೇ ನಿಂತಾಗ, ಯಾರೂ ನೋಡುತ್ತಿಲ್ಲ ಎಂದಾಗ, ಆ ಮನೆಮನೆಯ ಚಹಾ ನೆನಪಾಗುತ್ತದೆ ಎಂದುಕೊಂಡಿದ್ದೆ. ಜನ ಹೆದರಿ ಹೆಲ್ಮೆಟ್ ಇಡುತ್ತಾರೆ, ಹೆದರಿಕೆ ತೆಗೆದರೆ ಸರಿಯಾಗಿ ಮತ ಹಾಕುತ್ತಾರೆ ಎಂದು ನಂಬಿದ್ದೆ. ಎಂಥ ಪೆದ್ದಿ ನಾನು.

ಜನವರಿಯ ಚುನಾವಣೆಯ ದಿನ, ಹೊರಗಿನವರೇ ಅದನ್ನು ನಡೆಸಬೇಕೆಂಬ ನಿಯಮದಂತೆ, ಬ್ಯಾಂಕಿನಿಂದ ನಿವೃತ್ತಳಾದ ಜ್ಯೋತಿಯನ್ನು ಕರೆಸಿದ್ದರು. ಪರದೆ, ಪೆಟ್ಟಿಗೆ, ಎರಡು ಹೆಸರಿನ ಚೀಟಿ, ಬೇಕಾದ ಹೆಸರಿಗೆ ಒತ್ತಲು ರಬ್ಬರ್ ಮುದ್ರೆ, ಎಲ್ಲ ಅಚ್ಚುಕಟ್ಟು. ಜ್ಯೋತಿ ಚೀಟಿ ಎಣಿಸಿ ಮುಗಿಸಿದಾಗ ಒಂದು ಕಡೆ ದೊಡ್ಡ ಕಟ್ಟು, ಇನ್ನೊಂದು ಕಡೆ ಎರಡೇ ಎರಡು. ಯಂಕಣ್ಣನಿಗೆ ಬಿದ್ದದ್ದು ಎರಡು ಮತ. ಒಂದು ನನ್ನದು. ಯಾರೂ ಹೆದರಿಸದೆ, ಯಾರೂ ನೋಡದೆ, ಅಷ್ಟೂ ಜನ ಅಣ್ಣನಿಗೇ ಒತ್ತಿದ್ದರು. ಚಪ್ಪಾಳೆಯಲ್ಲಿ ನಾನು ಎದ್ದು ಹೊರಗೆ ಬಂದೆ.

ಆಮೇಲೆ ಶುರುವಾಯಿತು ನೋಡಿ ತಮಾಷೆ. ಆ ಎರಡನೆಯ ಮತ ತನ್ನದೆಂದು ಹೇಳಲು ಫೋನಿನ ಮೇಲೆ ಫೋನು. ಬೇಲಾಪುರದವರೊಬ್ಬರು ‘ನಿಮಗೆ ಮಾತ್ರ ಹೇಳುತ್ತಿದ್ದೇನೆ’ ಎಂದರು. ಠಾಣೆಯವರೊಬ್ಬರು ಸ್ಟೇಷನ್ನಿನ ಸೇತುವೆಯ ಮೇಲೆ ಅಡ್ಡ ಹಾಕಿ, ‘ಜಯಕ್ಕ, ನಾನು ಮಾತಿಗೆ ತಪ್ಪುವವನಲ್ಲ’ ಎಂದು ಕಣ್ಣು ಮಿಟುಕಿಸಿದರು. ಇನ್ನಿಬ್ಬರು ತಮ್ಮ ಹೆಂಡತಿಯರ ಮೂಲಕ ಹೇಳಿ ಕಳಿಸಿದರು. ಇವರೆಲ್ಲರೂ ಹಾಕಿದ್ದರೆ ಯಂಕಣ್ಣ ಇವತ್ತು ಅಧ್ಯಕ್ಷ. ಹೆಲ್ಮೆಟ್ ಇಡುತ್ತಿದ್ದಾಗ ಒಂದು ಗುಣವಿತ್ತು, ಮೋಸ ಮಾಡಿದವನು ಯಾರೆಂದು ಬಣ್ಣದಲ್ಲಿ ಕಾಣುತ್ತಿತ್ತು. ಕಷ್ಟಪಟ್ಟು ಪರದೆ ಕಟ್ಟಿದ್ದು ನಾನು, ಅದರ ಹಿಂದೆ ಇವರೆಲ್ಲ ಆರಾಮಾಗಿ ಅಡಗಿಕೊಂಡರು.

ಅಪ್ಪಾಸಾಹೇಬರದಂತೂ ಅಲ್ಲ. ಅವರು ಆವತ್ತು ತಂಗಿಯ ಮನೆಯ ಲಗ್ನಕ್ಕೆಂದು ಬೆಳಗಾವಿಯಲ್ಲಿದ್ದರು, ಬದಲಿ ಮತ ಕೂಡದೆಂದು ನಾವೇ ಬರೆದಿದ್ದೆವು. ಯಂಕಣ್ಣನದಿರಬೇಕು ಎಂದುಕೊಂಡೆ. ಅವನು ಮಾರನೆಯ ದಿನ ಆಫೀಸಿನ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. ‘ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನನ್ನ ಹೆಸರಿಗೆ ನಾನ ಒತ್ತಿಕೊಳ್ಳೂದು ನನಗ ಚಂದ ಕಾಣಲಿಲ್ರಿ. ಮನಿಗೆ ಬಂದವರ ಮುಂದ ಮೊದಲ ತಾನ ಉಂಡಂಗ ಅನಸ್ತು. ಅಧ್ಯಕ್ಷರಿಗೇ ಒತ್ತಿಬಿಟ್ನಿ’ ಎಂದ. ಸಜ್ಜನಿಕೆ ಎಂದರೆ ಇದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನಿಗೆ ಒಂದು ಕಟಿಂಗ್ ಚಹಾ ಕುಡಿಸಿ ಕಳಿಸಿದೆ.

ಆಗ ನೀವು ಬಂದಿರಿ. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಬರೆದೆ. ಹೋದ ಗುರುವಾರ ಸಂಜೆ ಕೆಳಗೆ ರಿಕ್ಷಾ ಸ್ಟ್ಯಾಂಡಿನ ಎದುರು ಕಾರು ನಿಂತಿತು. ಒಳಗೆ ಸಮಿತ್ ಕುಳಿತಿದ್ದ. ನೀವು ಮೇಲೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ‘ಎರಡು ಸಾಲು ನಾ ಸೇರಿಸಿದ್ದು ಖರೆ. ಆದರ ಪರದೆ ಹಿಂದ ನಾ ಯಂಕಣ್ಣಗೇ ಒತ್ತೀನಿ. ನಿನ್ನ ಸಂಗಡ ಇದ್ದ ಒಬ್ಬಾವ ನಾನ’ ಎಂದಿರಿ. ನಾನು ತಿರುಗಿ ಬಾಲ್ಕನಿಗೆ ನಡೆದೆ. ನೀವು ದಡದಡನೆ ಇಳಿದು ಹೋಗಿ, ಕಾರಿನ ಕಿಟಕಿಯೊಳಗೆ ಕೈ ಹಾಕಿ, ಮಗನ ತಲೆ ಮುಟ್ಟಿ ಮೇಲೆ ನನ್ನ ಕಡೆ ನೋಡಿದಿರಿ. ಸಮಿತ್‌ಗೆ ಏನೂ ಅರ್ಥವಾಗಲಿಲ್ಲ, ಕತ್ತು ಹೊರಗೆ ಹಾಕಿ ನನಗೆ ಕೈ ಬೀಸಿದ. ಬಾಲ್ಕನಿಯ ಸರಳು ಹಿಡಿದುಕೊಂಡು ನಾನು ಎಲ್ಲ ನೋಡಿದೆ.

ನಂಬುವುದೋ ಬಿಡುವುದೋ ಎಂದು ಮೂರು ದಿನ ಒದ್ದಾಡಿದೆ. ಪುರಾವೆ ಇಲ್ಲ, ಇರಬಾರದೆಂದು ನಾನೇ ನಿಯಮ ಬರೆದಿದ್ದೇನೆ. ಉಳಿದವರ ಮಾತಿಗೂ ನಿಮ್ಮ ಮಾತಿಗೂ ಇರುವ ವ್ಯತ್ಯಾಸ ಒಂದೇ, ನಿಮ್ಮ ಜೊತೆ ನಾನು ಸಂಸಾರ ಮಾಡಿದ್ದೇನೆ. ಎಲ್ಲರೆದುರು ಅಣ್ಣನ ಮುಖ ನೋಡಿ ಸೋಲುವವರು ನೀವು, ಅದು ನನಗೆ ಗೊತ್ತು. ಆದರೆ ಪರದೆಯ ಹಿಂದೆ, ಅಣ್ಣನ ಮುಖ ಕಾಣದ ಕಡೆ, ನಿಮಗೆ ನಾನೇ ನೆನಪಾದೆ ಎಂದು ನಂಬಲು ನನಗೆ ಆಸೆ. ಆಸೆ ಎಂದೇ ಬರೆಯುತ್ತೇನೆ. ಒಬ್ಬಳೇ ಮಲಗಿ ಸಾಕಾಗಿದೆ. ಸಮಿತ್‌ನ ಕಾಲಿಗೆ ಎಣ್ಣೆ ತಿಕ್ಕುವವರು ಯಾರು, ನೀವು ತಿಕ್ಕಿದರೆ ಅವನಿಗೆ ನೋವಾಗುತ್ತದೆ, ನಿಮ್ಮದು ಕಬ್ಬಿಣದ ಅಂಗಡಿಯ ಕೈ.

ಹಾಗಾಗಿ ಬರುತ್ತೇನೆ. ಶನಿವಾರ ಅರ್ಧ ದಿನದ ಆಫೀಸು ಮುಗಿಸಿ, ಠಾಣೆಯಿಂದ ಪನ್ವೇಲ್ ಗಾಡಿ ಹಿಡಿದು ಖಾಂದೇಶ್ವರದಲ್ಲಿ ಇಳಿಯುತ್ತೇನೆ. ಸ್ಟೇಷನ್ನಿಗೆ ಬನ್ನಿ. ಸಮಿತ್‌ನನ್ನೂ ಕರೆತನ್ನಿ. ಆ ಎರಡು ಸಾಲನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಿದ್ದೇನೆಂದು ಯಾರಿಗೂ ಹೇಳಬೇಡಿ. ಮನೆಯಲ್ಲಿ ಕ್ಲಬ್ಬಿನ ಮಾತು ಬೇಡ, ಗೋಡೆಯ ಮೇಲೆ ಆ ಶಾಲಿನ ಫೋಟೋ ಬೇಡ. ಮಗನ ಹೆಸರಿಗೆ ಅಂಟಿದ ಆ ತಪ್ಪನ್ನು ತೆಗೆಸುವವರೆಗೆ ನಾನು ಬಿಡುವುದಿಲ್ಲ, ನೀವೂ ಬಿಡಬಾರದು. ಕ್ಲಬ್ಬಿನ ಎಲ್ಲ ಸದಸ್ಯರಲ್ಲಿ ಒಬ್ಬ ನನ್ನ ಜೊತೆಗಿದ್ದ, ಅವನು ನನ್ನ ಗಂಡ ಎಂದರೆ ಸದ್ಯಕ್ಕೆ ನನಗೆ ಅಷ್ಟು ಸಾಕು.

ಅಕ್ಕಿ ಮುಗಿದಿದ್ದರೆ ತಂದಿಡಿ. ಮಾತ್ರೆ ತಪ್ಪಿಸಬೇಡಿ.

ಇನ್ನೂ ಸಿಟ್ಟಿರುವ, ಆದರೂ ಹೊರಟಿರುವ,
ನಿಮ್ಮ
ಜಯಲತಾ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಣ್ಣನ ಫೋನು ಬಂತು. ಗೆದ್ದ ಊಟಕ್ಕೆ ಹೋಟೆಲಿಗೆ ಬಾ ಎಂದು ಕರೆಯಲು. ನಾನು ಬರುವುದಿಲ್ಲ ಎಂದೆ. ‘ಎಂತ ಸಿಟ್ಟು ನಿನಗೆ ಮಾರಾಯ್ತಿ, ನಿನ್ನ ಯಂಕಣ್ಣನಿಗೆ ಬಿದ್ದ ಎರ್ಡು ವೋಟಲ್ಲಿ ಒಂದು ನಂದೇ. ನಮಗೆ ನಾವೇ ಹಾಕಿಕೊಳ್ಳುದು ಮರ್ಯಾದೆಯಾ? ಎದುರು ನಿಂತವನಿಗೆ ಹಾಕುದು’ ಎಂದು ನಕ್ಕ. ಅವನಿಗೆ ಅದೊಂದು ಸಾಮಾನ್ಯ ಸಂಗತಿ. ನಂಬಲಾಗದೆ ಜ್ಯೋತಿಗೆ ಫೋನ್ ಮಾಡಿದೆ. ಅವನೇ ಹೇಳಿದ ಮೇಲೆ ಇನ್ನೇನು ಗುಟ್ಟು ಎಂದು ಹೇಳಿದಳು, ಆಗ ಅವಳ ಮೇಜಿನ ಬಳಿ ಬೇರೆ ಯಾರೂ ಇರಲಿಲ್ಲವಂತೆ. ಅಣ್ಣ ಚೀಟಿ ಹಿಡಿದುಕೊಂಡೇ ಪರದೆಯಿಂದ ಹೊರಗೆ ಬಂದು, ಕೈತಪ್ಪಿ ತನ್ನ ಹೆಸರಿಗೆ ಒತ್ತಿ ಆಮೇಲೆ ಹೊಡೆದುಹಾಕಿ ಯಂಕಣ್ಣನಿಗೆ ಒತ್ತಿದ್ದೇನೆ, ಇದು ನಡೆಯುತ್ತದೆಯೇ ಎಂದು ಕೇಳಿದನಂತೆ. ನಡೆಯುತ್ತದೆ ಎಂದಳಂತೆ. ಎಣಿಸುವಾಗ ಆ ಎರಡರಲ್ಲಿ ಒಂದು ಚೀಟಿ ಅದೇ ಆಗಿತ್ತು, ಹೊಡೆದುಹಾಕಿದ ಗುರುತಿನದು. ಇನ್ನೊಂದು ನನ್ನದು.

ಮೇಲಿನ ಪುಟಗಳನ್ನು ಹರಿದುಹಾಕಬೇಕೆಂದುಕೊಂಡೆ. ಬೇಡ, ನಾನು ಬರಲು ಹೊರಟಿದ್ದೆ ಎಂಬುದು ನಿಮಗೆ ತಿಳಿದಿರಲಿ. ಶನಿವಾರ ಸ್ಟೇಷನ್ನಿಗೆ ಬರಬೇಡಿ. ಮಮ್ಮಿ ಯಾಕೆ ಬರಲಿಲ್ಲ ಎಂದು ಸಮಿತ್ ಕೇಳಿದರೆ ಕಾರಣ ನೀವೇ ಹೇಳಿ. ಹೇಳುವಾಗ ಅವನ ತಲೆ ಮುಟ್ಟಬೇಡಿ.